ಸಾಲು ಸುಮ್ಮನಾದಾಗ

ಲಾವೆಂಟಿಲ್ ಗುಡ್ಡ, ಮಂಗಳವಾರ

ಪ್ರೀತಿಯ ತಂಗಿ ಯೂಲಿನ್,

ಮೂರು ಬೀದಿ ದಾಟಿದರೆ ನಿನ್ನ ಮನೆ. ನಡೆದು ಬಂದು ಹೇಳಬೇಕಾದ ಮಾತನ್ನು ಬರೆಯುತ್ತಿದ್ದೇನೆ. ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ.

ಹೋದ ವಾರ ಅಭ್ಯಾಸದ ಅಂಗಳದಲ್ಲಿ ನಿನಗೆ ನಾನು ಅಂದದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಎಣ್ಣೆ ಪೀಪಾಯಿ ತಟ್ಟಿ ಮಾಡಿದ ಆ ಪ್ಯಾನ್ ವಾದ್ಯದ ಮೇಲೆ ನೀನು ನಾಲ್ಕು ಸ್ವರ ಬಾರಿಸಿ ಕೋಲು ಎತ್ತಿಬಿಡುತ್ತಿದ್ದೆ. ಕಣ್ಣು ಮುಚ್ಚಿ, ಮುಂದಿನದನ್ನು ಬಾಯಲ್ಲೇ ಗುನುಗಿ, ಸರಿ ಅನ್ನಿಸಿದ ಮೇಲೆ ಮುಟ್ಟುತ್ತಿದ್ದೆ. ತಪ್ಪಿದ ಜಾಗಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದೆ. "ಏನು ನರ್ಸಮ್ಮ, ಪ್ಯಾನಿಗೆ ಜ್ವರ ನೋಡ್ತಿದೀಯಾ? ಕಾರ್ನಿವಲ್ ಮುಗಿದ್ಮೇಲೆ ಕಲಿತೀಯೇನೋ" ಎಂದೆ ನಾನು. ಬಾರಿಸುವವರ ಸಾಲಿಗೆ ಸಾಲೇ ನಕ್ಕಿತು. "ಎಲ್ಲಿ ಬರಲ್ಲ ಅಂತ ಗೊತ್ತಾಗ್ಬೇಕಲ್ಲಣ್ಣ" ಎಂದೆ ನೀನು, ಅಷ್ಟೇ. ಅದೂ ಸಾಲದೆ, ಇವಳು ನಮ್ಮನ್ನೆಲ್ಲ ಹಿಂದಕ್ಕೆಳೆಯುತ್ತಾಳೆ ಎಂದು ತಂಡದ ನಾಯಕ ಒಸ್ಬರ್ಟ್‌ನ ಕಿವಿಯಲ್ಲಿ ಊದಿದೆ. ಮರುದಿನದಿಂದ ನೀನು ಬರಲಿಲ್ಲ.

ಮೊನ್ನೆ ಒಸ್ಬರ್ಟ್ ಸಾಲನ್ನೆಲ್ಲ ಸುಮ್ಮನಾಗಿಸಿ ಒಬ್ಬೊಬ್ಬರಿಂದಲೇ ಬಾರಿಸಿದ. ಕಾರ್ನಿವಲ್ ಹಬ್ಬದ ವೇದಿಕೆ ಹತ್ತುವವರನ್ನು ಆರಿಸುವುದೇ ಹಾಗಲ್ಲವೇ. ನನ್ನ ಸರದಿಯಲ್ಲಿ ಮೊದಲ ಭಾಗ ನೀರು ಹರಿದಂತೆ ಹೋಯಿತು. ಆಮೇಲೆ ಕೈ ನಿಂತಿತು. ಮೊದಲಿಂದ ಹಿಡಿದೆ, ಅಲ್ಲಿಗೇ ಬಂದು ಮತ್ತೆ ನಿಂತಿತು. "ಕ್ಲೈಟಸ್ ಮಾಮ, ಪಕ್ಕದವ್ರನ್ನ ಎರವಲು ತರ್ಲಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಸುಳ್ಳೇನಲ್ಲ. ಇಷ್ಟು ದಿನ ಪಕ್ಕದವರ ಪ್ಯಾನಿನ ಸದ್ದೇ ನನ್ನ ಕೈ ಹಿಡಿದು ನಡೆಸುತ್ತಿತ್ತು. ಕಿವಿ ತುಂಬಿದ್ದಕ್ಕೆ ತಲೆಯೂ ತುಂಬಿದೆ ಎಂದುಕೊಂಡಿದ್ದೆ. ಮನೆಯಲ್ಲೂ ಬಂದದ್ದನ್ನೇ ಬಾರಿಸಿ ಬೀಗುತ್ತಿದ್ದೆ. ನನಗೆ ಬರುವುದಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ನಿನ್ನ ತಲೆಯೋ, ಕಲಿಯುತ್ತಲೇ ತನ್ನ ಕಲಿಕೆಗೆ ಕಾವಲು ಕೂತಿತ್ತು. ಎಡವಿದಲ್ಲಿ ನಿಲ್ಲಿಸಿ, ತಿದ್ದಿ, ಮುಂದೆ ಬಿಡುತ್ತಿತ್ತು. ಅದನ್ನು ನಾನು ದಡ್ಡತನವೆಂದು ನಗೆಗೀಡು ಮಾಡಿದೆ.

ನಾನು ಆಡಿದ್ದು ತಪ್ಪೆಂದು ನಿನ್ನೆ ಅದೇ ಸಾಲಿನ ಮುಂದೆ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು. "ಶುಕ್ರವಾರ ಬಂದು ಒಬ್ಳೇ ಬಾರಿಸ್ಲಿ. ಸರಿಯಾಗಿ ಬಂದ್ರೆ ನಿನ್ನ ಜಾಗ ಅವಳ್ದು" ಎಂದ ಒಸ್ಬರ್ಟ್. ನನ್ನ ಕೋಲುಗಳನ್ನು ಈ ಕಾಗದದ ಜೊತೆ ಕಳಿಸಿದ್ದೇನೆ. ತುದಿಗೆ ಹೊಸ ರಬ್ಬರ್ ಸುತ್ತಿದ್ದೇನೆ.

ನನ್ನ ಚಿಂತೆ ಬೇಡ. ವೇದಿಕೆಗೆ ಪ್ಯಾನಿನ ಗಾಡಿ ತಳ್ಳಲು ಒಂದಾಳು ಕಡಿಮೆಯಂತೆ. ನಿನ್ನ ಗಾಡಿ ನಾನು ತಳ್ಳುತ್ತೇನೆ. ದಾರಿಯುದ್ದಕ್ಕೂ ನೀನು ಗುನುಗುತ್ತಾ ಬಾ. ನಿಲ್ಲಿಸು ಅಂದಲ್ಲೆಲ್ಲ ನಿಲ್ಲಿಸುತ್ತೇನೆ.

ಕೈ ತಡವರಿಸಿದಾಗೆಲ್ಲ ದೇವರು ನಿನಗೆ ಇನ್ನೊಂದು ಗಳಿಗೆ ಕೊಡಲಿ.

ತಲೆ ತಗ್ಗಿಸಿ,
ನಿನ್ನ ಅಣ್ಣ ಕ್ಲೈಟಸ್