ದೋಣಿ ಮುದ್ರೆಯ ಕಲ್ಲು

ಗುರುವಾರ, ಊಟದ ಬಿಡುವು
ವಸ್ತುಸಂಗ್ರಹಾಲಯದ ಹಿಂದಿನ ಕೋಣೆ

ನನ್ನ ಚಿನಕುರುಳಿಗೆ ಅಮ್ಮನ ಮುದ್ದು.

ನಿನ್ನ ಕಾಗದ ತಲುಪಿತು, ಅದರೊಳಗಿನ ಬೈಗುಳವೂ ತಲುಪಿತು. ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಎತ್ತಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಹೂಂ ಅಂದುಬಿಡುತ್ತೇನೆ. ಮದುವೆಯಾದಾಗಿನಿಂದ ಹೂಂ ಅಂದು ಅಂದು ನನ್ನ ಕತ್ತಿಗೇ ಅದು ಅಭ್ಯಾಸವಾಗಿಹೋಗಿದೆ. ಕಾಗದದಲ್ಲಿ ತಲೆ ಆಡಿಸಲು ಬರುವುದಿಲ್ಲ, ಅದಕ್ಕೇ ಕಾಗದ.

ಭಾನುವಾರ ನಿಮ್ಮಪ್ಪ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾರೆ, ಮನೆಗೆ ಹೋಗುತ್ತೀಯೋ ಇಲ್ಲವೋ ಒಂದೇ ಮಾತು ಬರೆ ಎಂದಿದ್ದೀಯ. ಬರೆಯೋಣ. ಆದರೆ ಅದಕ್ಕೆ ಮೊದಲು ಒಂದು ಕಲ್ಲಿನ ವಿಷಯ ಹೇಳಬೇಕು. ವಾರದಿಂದ ಅದು ತಲೆಯಲ್ಲಿ ಕೂತು ಇಳಿಯುತ್ತಲೇ ಇಲ್ಲ.

ಇಲ್ಲಿ ಕಾವಲಿಗೆ ನನಗೆ ಕೊಟ್ಟಿರುವುದು ಮೂರನೆಯ ಕೋಣೆ, ಹಳೆಯ ಸಾಮ್ರಾಜ್ಯಗಳದ್ದು. ಗಾಜು ಮುಟ್ಟಬೇಡಿ, ಒರಗಬೇಡಿ, ಜೋರಾಗಿ ಮಾತಾಡಬೇಡಿ ಎಂದು ಬಂದವರಿಗೆ ಹೇಳುವುದೇ ಕೆಲಸ. ಸೊಸೆಯಾಗಿ ಪುಕ್ಕಟೆ ಕೇಳಿಸಿಕೊಂಡದ್ದನ್ನು ಈಗ ಸಂಬಳ ತೆಗೆದುಕೊಂಡು ಹೇಳುತ್ತಿದ್ದೇನೆ. ಮೊದಮೊದಲು ಆ ರಾಜರ ತಲೆಗಳನ್ನು ಕಂಡರೆ ಆಕಳಿಕೆ ಬರುತ್ತಿತ್ತು. ಎಲ್ಲರದ್ದೂ ಒಂದೇ ಮೂಗು, ಒಂದೇ ಬಿಗುಮಾನ. ಈಗ ಬಾಗಿಲು ತೆರೆಯುವ ಮೊದಲೇ ಬಂದು ಒಬ್ಬೊಬ್ಬರನ್ನೇ ಮಾತಾಡಿಸಿಕೊಂಡು ಹೋಗುತ್ತೇನೆ.

ಹೋದ ವಾರ ನಮ್ಮ ವಿಭಾಗದ ಮೇಡಂ (ನಿನ್ನ ವಯಸ್ಸಿನವಳೇ, ನಿನ್ನ ಹಾಗೇ ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು ಆಮೇಲೆ ಊರೆಲ್ಲ ಹುಡುಕುತ್ತಾಳೆ) ಒರೆಸಲೆಂದು ಒಂದು ತೂಕದ ಕಲ್ಲನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದಳು. ದುಂಡಗೆ, ಕಪ್ಪಗೆ, ಒಂದು ಸಣ್ಣ ಚೆಂಬಿನಷ್ಟು ದೊಡ್ಡದು. ಮೇಲೆ ಸಿಂಹ, ಒಂದು ಪಕ್ಕ ದೀಪ, ಇನ್ನೊಂದು ಪಕ್ಕ ದೋಣಿ ಕೊರೆದಿದ್ದಾರೆ. ಅವಳು ತಿರುಗಿಸುವಾಗ ನೋಡಿದೆ. ದೋಣಿಯ ಸುತ್ತ ಕಲ್ಲನ್ನು ಉಜ್ಜಿದ ತಗ್ಗು ಕಾಣಿಸಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಇದು ಕಳ್ಳತೂಕ ಮೇಡಂ, ವ್ಯಾಪಾರಿಗಳು ತೇಯ್ದು ಹಗುರ ಮಾಡಿದ್ದಾರೆ ಅಂತ ಅಂದೆ, ಶಾಲೆಯ ಮಕ್ಕಳ ಒಂದು ಗುಂಪು ಪೂರಾ ಕೇಳುವ ಹಾಗೆ. ಅಂಗಡಿಯವನ ಹೆಂಡತಿಯ ಬುದ್ಧಿ ನೋಡು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಇಲ್ಲಿ ನನ್ನ ಹೆಸರು ತೂಕದಮ್ಮ. ಆಮೇಲೆ ಚಹಾ ತರಿಸಿ, ಕೂರಿಸಿ, ವಿಷಯ ಹೇಳಿದಳು.

ಆ ಸಾಮ್ರಾಜ್ಯದಲ್ಲಿ ಸಂತೆಯ ಕಲ್ಲಿಗೆ ಮೂರು ಮುದ್ರೆ ಬೀಳಲೇಬೇಕಿತ್ತಂತೆ. ಸಿಂಹ ರಾಜನದು, ಮೋಸ ಮಾಡಿದರೆ ಶಿಕ್ಷೆ ಎನ್ನುವುದಕ್ಕೆ. ದೀಪ ಗುಡಿಯದು. ಕಲ್ಲು ರಾತ್ರಿಯೆಲ್ಲ ದೇವರ ಮುಂದೆಯೇ ಇರುತ್ತಿತ್ತು. ಯಾಕೆ ಅಂತ ಕೇಳಿದೆ. ದೂರದಿಂದ ಬಂದವನಿಗೆ ಈ ರಾಜ ಎಂಥವನೋ ಗೊತ್ತಿಲ್ಲ, ಆದರೆ ದೇವರ ಮುಂದೆ ಸುಳ್ಳು ಹೇಳಲು ಯಾರಾದರೂ ಹೆದರುತ್ತಾರೆ ಎನ್ನುವ ನಂಬಿಕೆ ಎಲ್ಲರಿಗೂ ಇತ್ತಲ್ಲ, ಅದಕ್ಕೆ ಅಂದಳು. ಗುಡಿಯವರೂ ಸುಮ್ಮನೆ ಕಾಯುತ್ತಿರಲಿಲ್ಲ, ತೂಗಿದ್ದರಲ್ಲೆಲ್ಲ ಒಂದೊಂದು ಹಿಡಿ ಅವರಿಗೆ. ದೋಣಿ ಮಾತ್ರ ವರ್ತಕರ ಸಂಘದ್ದು. ಇದು ನಮಗೂ ಒಪ್ಪಿಗೆ ಎಂಬ ಗುರುತು.

ಒಬ್ಬ ರಾಜ ಬಂದ. ಕಂಡಕಂಡ ರಾಜ್ಯಗಳನ್ನೆಲ್ಲ ಗೆದ್ದವನು. ನನ್ನ ಊರು, ನನ್ನ ಸಂತೆ, ನಡುವೆ ಈ ದೋಣಿ ಯಾಕೆ ಅಂತ ಅನ್ನಿಸಿತು ಅವನಿಗೆ. ಕಲ್ಲುಗಳನ್ನೆಲ್ಲ ತರಿಸಿ ದೋಣಿಯನ್ನು ಉಜ್ಜಿಸಿಬಿಟ್ಟ. ಆ ಅಪ್ಪಣೆಯನ್ನು ಕೆತ್ತಿದ ಬಂಡೆ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಿದೆ, ಇಷ್ಟು ದಿನ ಅದಕ್ಕೇ ಕೊಡೆ ಒರಗಿಸುತ್ತಿದ್ದೆ. ದೇವರೇ ಕನಸಿನಲ್ಲಿ ಬಂದು ಎರಡು ಮುದ್ರೆ ಸಾಕು ಎಂದನೆಂದು ಅದರಲ್ಲಿ ಬರೆದಿದೆಯಂತೆ. ದೇವರಿಗೆ ಕನಸಿನಲ್ಲಿ ಬರಲು ಅರಮನೆ ಬಿಟ್ಟು ಬೇರೆ ವಿಳಾಸವೇ ಗೊತ್ತಿಲ್ಲ ನೋಡು.

ಈಗ ನಿನಗೆ ನಗು ಬಂದಿರುತ್ತದೆ, ಅಮ್ಮ ಎಲ್ಲಿಗೆ ಬಂದಳು ಅಂತ. ಬಂದೆ ಕಣೇ. ನಮ್ಮ ಮನೆಯಲ್ಲೂ ಸಿಂಹ ಇತ್ತು, ದೀಪ ಇತ್ತು. ನಿಮ್ಮಪ್ಪ ಹೇಳಿದ್ದನ್ನು ನಿನ್ನ ಅಜ್ಜಿ ದೇವರ ಇಚ್ಛೆ ಎನ್ನುತ್ತಿದ್ದರು, ಅಜ್ಜಿ ಹೇಳಿದ್ದನ್ನು ನಿಮ್ಮಪ್ಪ ಜಾರಿ ಮಾಡುತ್ತಿದ್ದರು. ಅವರು ಒಳ್ಳೆಯವರೇ, ಇಬ್ಬರೂ. ಆದರೆ ಅಂಗಡಿಯ ಎಡಗಡೆಯ ಕೌಂಟರ್, ಗುಂಡಿ, ದಾರ, ಲೇಸು, ಜಿಪ್ಪು, ಅದೊಂದು ನನ್ನ ದೋಣಿ. ದರ್ಜಿಗಳು ಬಟ್ಟೆಯ ಚೂರು ತಂದರೆ ಬಾಗಿಲ ಬೆಳಕಿಗೆ ಹಿಡಿದು, ಹತ್ತು ಹಸಿರಿನಲ್ಲಿ ಅದೇ ಹಸಿರನ್ನು ಆರಿಸಿ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಸ್ಟೂಲಿನ ಮೇಲೆ ನಿನ್ನ ದೊಡ್ಡಪ್ಪನ ಮಗ ಕೂತಿದ್ದ. ನಿನಗೆ ವಯಸ್ಸಾಯ್ತು, ಮನೆಯಲ್ಲಿ ಆರಾಮಾಗಿರು ಅಂದರು ನಿಮ್ಮಪ್ಪ. ಕೇಳಲಿಲ್ಲ, ಹೇಳಿದರು. ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಜಗಳ ಆಡಿ ಮನೆ ಬಿಟ್ಟೆ ಅಂತ ನೆಂಟರು ಹೇಳುತ್ತಾರಂತೆ. ಜಗಳ ಆಡಿದ್ದರೆ ಅಲ್ಲೇ ಇರುತ್ತಿದ್ದೆ. ಏನೂ ಹೇಳದೆ ಬಂದದ್ದಕ್ಕೇ ಅವರಿಗೆ ಅಷ್ಟು ಭಯ.

ಆ ರಾಜನ ಕಥೆಯೂ ಹಾಗೇ. ವರ್ತಕರು ದಂಗೆ ಎಬ್ಬಿಸಲಿಲ್ಲ, ಕೂಗಲಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೇ. ದೂರದ ಬಟ್ಟೆ ಇಲ್ಲ, ಉಪ್ಪು ಇಲ್ಲ, ಗುಡಿಯ ದೀಪಕ್ಕೆ ಎಣ್ಣೆಯೂ ಇಲ್ಲ. ಸಂತೆಯ ಬೀದಿಯಲ್ಲಿ ಹುಲ್ಲು ಬೆಳೆಯಿತು. ದೇವರಿಗೂ ಆಗ ಬೇರೆ ಕನಸು ಬಿತ್ತೇನೋ! ಅವನ ಮಗ ಪಟ್ಟಕ್ಕೆ ಬಂದವನೇ ಅಳಿಸಿದ ಜಾಗದಲ್ಲೇ ದೋಣಿಯನ್ನು ಮತ್ತೆ ಕೊರೆಸಿದ, ಮೊದಲಿಗಿಂತ ಆಳವಾಗಿ. ನಾನು ಕಳ್ಳತನ ಅಂದುಕೊಂಡ ತಗ್ಗು ಅದು. ಮೊನ್ನೆ ಬೆರಳಾಡಿಸಿ ನೋಡಿದೆ, ಉಗುರು ಹೂತುಕೊಳ್ಳುವಷ್ಟು ಆಳ. ಮೇಡಂ ಕಣ್ಣು ಬಿಟ್ಟಳು. ಮುಟ್ಟಬೇಡಿ ಎನ್ನುವವಳೇ ಮುಟ್ಟಿದರೆ ಹೇಗಮ್ಮಾ ಅಂದಳು.

ನಿಮ್ಮಪ್ಪನೂ ದೋಣಿ ಮತ್ತೆ ಕೊರೆಸುತ್ತಿದ್ದಾರೆ. ಕೌಂಟರ್ ಅವಳದ್ದೇ, ಬರೋಕೆ ಹೇಳು ಅಂತ ನಿನ್ನ ಹತ್ತಿರ ಅಂದರಂತಲ್ಲ. ಆ ಹುಡುಗನಿಗೆ ನೀಲಿಗೂ ನೇರಳೆಗೂ ವ್ಯತ್ಯಾಸ ಗೊತ್ತಾಗದೆ ದರ್ಜಿಗಳೆಲ್ಲ ಪಕ್ಕದ ಬೀದಿ ಹಿಡಿದರು ಎಂಬ ಸುದ್ದಿ ನನಗೂ ಬಂದಿದೆ. ನೀನು ಕೇಳಿದ್ದೀಯ, ಅಪ್ಪನ ಮೇಲೆ ಪ್ರೀತಿ ಇಲ್ಲವಾ ಅಂತ. ಇದೆ ಕಣೇ. ಇಲ್ಲಿ ಒಬ್ಬಳೇ ಚಹಾ ಮಾಡಿಕೊಳ್ಳುವಾಗ ಕೈ ಇವತ್ತಿಗೂ ಎರಡು ಲೋಟ ತೆಗೆಯುತ್ತದೆ. ಆದರೆ ಪ್ರೀತಿ ಬೇರೆ, ಕೌಂಟರ್ ಬೇರೆ. ಕೊಟ್ಟವರು ಇನ್ನೊಂದು ದಿನ ಮತ್ತೆ ಉಜ್ಜಬಹುದಲ್ಲ, ಆಗ?

ಹಾಗಾಗಿ ನನಗೊಂದು ಕುತೂಹಲ. ದೋಣಿಯನ್ನು ಕೊರೆಸಿದ ಮೇಲೆ ವರ್ತಕರು ವಾಪಸು ಬಂದರಾ? ಬಂದರೆ ಹೇಗೆ ಬಂದರು? ಮೇಡಂಗೆ ಬಾಯಲ್ಲಿ ಹೇಳಲು ಬರಲಿಲ್ಲ. ಆ ಊರನ್ನು ಅಗೆದಾಗ ಸಿಕ್ಕ ಸಾಮಾನು ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿದೆ, ನಾಳೆ ಒಟ್ಟಿಗೆ ತೆರೆದು ನೋಡೋಣ ಅಂದಿದ್ದಾಳೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ ಅಂತ ಮುನಿಸಿಕೊಳ್ಳಬೇಡ. ಅದನ್ನು ನೋಡಿಯೇ ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಶನಿವಾರ ನಿನ್ನ ಕೈಯಲ್ಲಿರುತ್ತದೆ.

ಸರಿಯಾಗಿ ಊಟ ಮಾಡು. ಪೆನ್ಸಿಲು ಕೂದಲಲ್ಲೇ ಇರುತ್ತದೆ, ಮೊದಲು ಅಲ್ಲಿ ಹುಡುಕು.

ನಿನ್ನನ್ನು ಹೆತ್ತವಳು, ಇಲ್ಲಿಯವರ ತೂಕದಮ್ಮ

ಮರುದಿನದ ಮಾತು, ಶುಕ್ರವಾರ: ಬಂದರು ಕಣೇ, ಬಂದರು! ದೂರದೂರಿನ ಮಣಿ, ಬಣ್ಣಬಣ್ಣದ ಗಾಜಿನ ಚೂರು ಪೆಟ್ಟಿಗೆ ತುಂಬ ಇದೆ. ಆದರೆ ಒಂದೂ ಕೋಟೆಯ ಒಳಗೆ ಸಿಕ್ಕಿದ್ದಲ್ಲ. ಬಾಗಿಲಿನ ಹೊರಗೆ, ಎದುರಿನ ಬಯಲಿನಲ್ಲಿ ಅವರು ತಮ್ಮದೇ ಸಂತೆ ಕಟ್ಟಿಕೊಂಡರಂತೆ, ತಮ್ಮದೇ ಕಲ್ಲು ಇಟ್ಟುಕೊಂಡು. ರಾಜನ ಮನೆಯವರೂ ಅಲ್ಲಿಗೇ ಬಂದು ಕೊಳ್ಳುತ್ತಿದ್ದರಂತೆ. ನಿನಗೆ ಇನ್ನೊಂದು ವಿಷಯ ಹೇಳಿರಲಿಲ್ಲ. ನಮ್ಮ ಅಂಗಡಿಯ ಎದುರಿಗೆ ಗಡಿಯಾರ ರಿಪೇರಿಯವನು ಖಾಲಿ ಮಾಡಿದ ಮಳಿಗೆಯನ್ನು ಬಾಡಿಗೆಗೆ ಹಿಡಿದಿದ್ದೇನೆ, ಅದರ ಬೀಗದ ಕೈ ತಿಂಗಳಿಂದ ನನ್ನ ಚೀಲದಲ್ಲಿದೆ, ತೆರೆಯಲು ಧೈರ್ಯ ಬಂದಿರಲಿಲ್ಲ, ಅಷ್ಟೇ. ಭಾನುವಾರ ಮನೆಗೆ ಹೋಗುತ್ತೇನೆ, ಒಲೆಯ ಮೇಲೆ ಎರಡು ಲೋಟ ಚಹಾವನ್ನೂ ಇಡುತ್ತೇನೆ. ಇಲ್ಲಿಯ ಕುರ್ಚಿ ಬಿಡುತ್ತೇನೆಂದು ಮೇಡಂಗೆ ಹೇಳಿಯಾಯಿತು, ಸೋಮವಾರ ಎದುರುಗಡೆಯ ಬಾಗಿಲು ತೆಗೆಯುತ್ತೇನೆ. ನಿಮ್ಮಪ್ಪನಿಗೆ ಹೇಳು, ಕರೆಯಲು ಹೊರಡುವ ಮೊದಲು ಗುಂಡಿಯ ಡಬ್ಬಗಳನ್ನು ಹೊತ್ತು ಆ ಎದುರಿನ ಬಾಗಿಲ ಮುಂದೆ ಇಟ್ಟು ಬರಲಿ. ಅವು ಅರಮನೆಯವಲ್ಲ, ನನ್ನವು.