ನೀರುಗಂಟಿ ನಿದ್ದೆ ಹೋದ ಗುಹೆ

ಚಿಕ್ಕರಸಿನಕೆರೆ
೧೨-೪-೧೯೭೫

ಪ್ರೀತಿಯ ಶಿವನಂಜಿ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಮಳವಳ್ಳಿಯಲ್ಲಿ ನೀನು, ನಿಮ್ಮವರು, ಮಕ್ಕಳು ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ಗೋಕರ್ಣದಿಂದ ಬಂದ ಮಾರನೇ ದಿನವೇ ಬರೆಯುತ್ತೇನೆ ಎಂದವಳು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ. ಶಾಲೆಯ ಪರೀಕ್ಷೆ, ಪೇಪರು ತಿದ್ದುವುದು ಎಂದು ನೆಪ ಹೇಳಬಹುದು, ಆದರೆ ನೀನು ನಂಬುವವಳಲ್ಲ. ಮೂರು ಸಲ ಬರೆದು ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಸಮುದ್ರದ ಸುದ್ದಿ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ!

ಹೊರಟವರು ನಾವು ಮೂವರು: ನಾನು, ನಮ್ಮಪ್ಪ, ಅಪ್ಪನ ತಂಗಿ ಬೆಟ್ಟಮ್ಮತ್ತೆ. ಕಬ್ಬು ಕಡಿಯಲು ಕಾರ್ಖಾನೆಯಿಂದ ಪರ್ಮಿಟ್ಟು ಬಂದದ್ದರಿಂದ ನಮ್ಮವರು ಉಳಿದರು. ಹೋಗಬೇಕೆಂದು ಹಟ ಹಿಡಿದವರು ಅಪ್ಪನೇ. ಗೋಕರ್ಣದ ಆಚೆ ಒಂದು ಗುಡ್ಡವಂತೆ, ಗುಡ್ಡದೊಳಗೆ ಗುಹೆಯಂತೆ, ಗುಹೆಯಲ್ಲೊಂದು ಇಕ್ಕಟ್ಟಾದ ಕಿಂಡಿಯಂತೆ. ಮನಸ್ಸಿನಲ್ಲಿ ಏನಾದರೂ ಮುಚ್ಚಿಟ್ಟುಕೊಂಡವರು ನುಗ್ಗಿದರೆ ಬಂಡೆ ಹಿಡಿದುಕೊಳ್ಳುತ್ತದಂತೆ. ಯಾರೋ ಹೋಗಿಬಂದವರು ಹೇಳಿದ್ದನ್ನು ಕೇಳಿದಾಗಿನಿಂದ ಅಪ್ಪನದು ಒಂದೇ ಜಪ. "ಸಾಯಾಕ್ ಮುಂಚೆ ಆ ಕಿಂಡೀಲಿ ಒಂದ್ಸಲ ನುಗ್ಗಿ ಬರ್ಬೇಕು ಕಣವ್ವ. ಇಲ್ದಿದ್ರೆ ನಂಗೆ ಸಾವೂ ನೆಟ್ಟಗೆ ಬರಾಕಿಲ್ಲ." ನಲವತ್ತು ವರ್ಷ ಊರಿನ ಗದ್ದೆಗಳಿಗೆಲ್ಲ ಸರದಿ ತಪ್ಪದೆ ನಾಲೆ ನೀರು ಬಿಟ್ಟ ನೀರುಗಂಟಿ ಚೌಡಯ್ಯನಿಗೆ ಮುಚ್ಚಿಡುವಂಥದ್ದು ಏನಿದ್ದೀತು ಎಂದು ನಾನು ನಕ್ಕಿದ್ದೆ.

ಬಸ್ಸು ಬದಲಾಯಿಸಿ ಬದಲಾಯಿಸಿ ಸೊಂಟ ಮುರಿದುಹೋಗಿತ್ತು. ಆದರೆ ಸಮುದ್ರ ಕಂಡದ್ದೇ ತಡ, ಮೂವತ್ತಮೂರು ವರ್ಷದ ಈ ಮಂಗಳಿ ಮೇಡಮ್ಮು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು ನೋಡು! ನಮ್ಮ ಶಾಲೆಯ ಮಕ್ಕಳು ಕಂಡಿದ್ದರೆ ಮಾರನೇ ದಿನದಿಂದ ನನಗೆ ಹೆದರುತ್ತಲೇ ಇರಲಿಲ್ಲ. ಬೆಟ್ಟಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಯ್ಯೋ ಸಿವ್ನೆ! ಇಷ್ಟೊಂದ್ ನೀರು ಮಡೀಕಂಡು ನಮ್ಮ ಕೊನೇ ಗದ್ದೆಗೆ ಒಂದ್ ತೊಟ್ಟು ಬುಡಾಕಿಲ್ವಲ್ಲ!" ಎಂದು ಯಾರನ್ನೋ ಬಯ್ದಳು. ಅಪ್ಪ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಉಗಿದರು. "ಥೂ! ಗದ್ದೆಗೆ ಬುಟ್ರೆ ಪೈರು ಸುಟ್ಟೋಯ್ತದೆ."

ಮಾರನೇ ದಿನ ಗುಡ್ಡ ಹತ್ತಿದೆವು. ಅರವತ್ತೆಂಟು ವರ್ಷದ ಅಪ್ಪ ನಮ್ಮಿಬ್ಬರಿಗಿಂತ ಮುಂದೆ! ಗುಹೆಯ ಒಳಗೆ ತಣ್ಣಗಿತ್ತು, ಬಾವಲಿಗಳ ನಾತ, ಟಾರ್ಚು ಬಿಟ್ಟಲ್ಲೆಲ್ಲ ಬಂಡೆ ಬೆವರುತ್ತಿತ್ತು. ಕಿಂಡಿಯಲ್ಲಿ ಮೊದಲು ನಾನು ಹೊಟ್ಟೆಯ ಮೇಲೆ ತೆವಳಿ ಆಚೆ ಬಂದೆ. ಆಮೇಲೆ ಬೆಟ್ಟಮ್ಮತ್ತೆ. ಅವಳ ಮೈ ನಿನಗೆ ಗೊತ್ತಲ್ಲ. ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಂಡಳು! ನಾನು ಕೈ ಹಿಡಿದು ಎಳೆಯುತ್ತಿದ್ದೇನೆ, ಅವಳು "ನಿಮ್ಮಜ್ಜಿ ಬೆಣ್ಣೆ ಕದ್ ತಿಂದೋಳು ನಾನೇ ಕಣವ್ವಾ! ಬೆಕ್ಕಲ್ಲ, ನಾನೇ!" ಎಂದು ಕಿರುಚಿದಳು. ಕಿರುಚಿದ ರಭಸಕ್ಕೆ ಉಸಿರು ಖಾಲಿಯಾಗಿ ಹೊಟ್ಟೆ ಇಳಿಯಿತೋ ಏನೋ, ಪುಸಕ್ಕನೆ ಈಚೆ ಬಂದು ನನ್ನ ಮೇಲೇ ಬಿದ್ದಳು. ಇಬ್ಬರೂ ನೆಲದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಪ್ಪ ಮಾತ್ರ ನಗಲಿಲ್ಲ. ಕಿಂಡಿಯ ಅಂಚಿಗೆ ಕೈಯಿಟ್ಟು ತುಂಬ ಹೊತ್ತು ನಿಂತರು. "ನನ್ ಕೈಲಾಗಾಕಿಲ್ಲ. ಮಂಡಿ ನೋವು," ಎಂದು ತಿರುಗಿ ನಡೆದುಬಿಟ್ಟರು. ಇದಕ್ಕಾಗಿಯೇ ಅಷ್ಟು ದೂರ ಬಂದವರು! ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಅವರ ಮುಖ ನೋಡಲಾರದೆ ಮೂರನೇ ದಿನ ನಾನೇ ಸಮುದ್ರದ ಗುಹೆಗೆ ಹೊರಡಿಸಿದೆ. ನೀರು ಇಳಿದಾಗ ಮಾತ್ರ ಬಂಡೆಗಳ ಮೇಲೆ ನಡೆದು ಹೋಗುವ ಜಾಗ ಅದು. ಒಬ್ಬ ಮೀನುಗಾರ ಕರೆದುಕೊಂಡು ಹೋದ. ಏನು ಹೇಳಲಿ ಶಿವನಂಜಿ! ಹೊರಗಿನ ಬಿಸಿಲು ನೀರಿಗೆ ಬಡಿದು ಗುಹೆಯ ಸೂರಿನ ತುಂಬ ಕುಣಿಯುತ್ತದೆ. ಬೆಳಕೇ ಹಸಿರು. ಕಾಲಬೆರಳಷ್ಟು ಏಡಿಗಳು ಅಡ್ಡಡ್ಡ ಓಡುತ್ತವೆ. ನಾನು "ಓ" ಎಂದರೆ ನಾಲ್ಕು ಜನ ಮಂಗಳಿಯರು "ಓ" ಅನ್ನುತ್ತಾರೆ. ನಿನ್ನ ಹೆಸರನ್ನೂ ಕೂಗಿದೆ!

"ಹೆಚ್ಚು ಹೊತ್ತು ಕೂತ್ಕಬೇಡಿ ಅಮ್ಮ, ನೀರು ತಿರುಗ್ತದೆ," ಎಂದು ಹೇಳಿ ಅವನು ಬಲೆ ನೋಡಲು ಹೋದ. ಅಪ್ಪ ಬಂಡೆಯ ಮೇಲಿನ ನೀರಿನ ಗೆರೆಯನ್ನು ಬೆರಳಿಂದ ಉಜ್ಜಿ ನೋಡಿದರು, ನಾಲೆಯ ಏರಿಯಲ್ಲಿ ನೋಡುತ್ತಿದ್ದ ಹಾಗೆಯೇ. "ಮ್ಯಾಲ್ಗಡೆ ಯಾವನೋ ತೂಬು ಮುಚ್ಚವ್ನೆ. ಇಳ್ದ್ ನೀರು ನಾಳೆ ಸರದಿ ಗಂಟ ಬರಾಕಿಲ್ಲ. ನೀರಿನ್ ಇಸ್ಯ ನಂಗೇಳಾಕ್ ಬತ್ತಾನೆ!" ನೀರಿನ ವಿಷಯದಲ್ಲಿ ನಮ್ಮೂರಲ್ಲಿ ಅಪ್ಪನ ಮಾತಿಗೆ ಎದುರುಂಟೇ? ಅವಲಕ್ಕಿ ಬೆಲ್ಲ ತಿಂದೆವು. ಅಪ್ಪ ಟವೆಲ್ಲು ತಲೆಗಿಟ್ಟು ಬಂಡೆಯ ಮೇಲೆ ಮಲಗಿದರು, ಹಿಂದೆಯೇ ಗೊರಕೆ. ನಾನೂ ಅತ್ತೆಯೂ ಸೆರಗಿನಲ್ಲಿ ಕಪ್ಪೆಚಿಪ್ಪು ತುಂಬಿಕೊಳ್ಳುತ್ತ ಮೈಮರೆತೆವು.

ಮೊದಲು ಪಾದ ನೆನೆಯಿತು, ನೋಡನೋಡುತ್ತ ಮಂಡಿ. ತಿರುಗಿ ನೋಡಿದರೆ ನಾವು ಬಂದ ದಾರಿಯ ಬಂಡೆಗಳೇ ಇಲ್ಲ! ಅತ್ತೆ ಬಾಯಿ ಬಡಿದುಕೊಂಡಳು. ಅಪ್ಪ ದಡಬಡಿಸಿ ಎದ್ದು, ಸುತ್ತಲ ನೀರು ನೋಡಿ ಒಂದೇ ಮಾತಂದರು. "ನಾನ್ ಮತ್ತೆ ನಿದ್ದೆ ಓಗ್ಬುಟ್ನಾ?"

ಮೂವರೂ ಎತ್ತರದ ಬಂಡೆಗೆ ಆತು ನಿಂತೆವು. ನೀರು ಸೊಂಟಕ್ಕೆ ಬಂತು. ಅಪ್ಪ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದರು. ಪೂರ್ತಿ ಹೇಳಿ ಮುಗಿಸುವ ಹೊತ್ತಿಗೆ ಆ ಪುಣ್ಯಾತ್ಮ ದೋಣಿ ತಂದ. ಅವನ ಕೈಲಿ ಬಯ್ಯಿಸಿಕೊಂಡು ದಡ ಸೇರಿದೆವು. ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಆ ಹಸಿರು ಬೆಳಕು ಇನ್ನೂ ಕಣ್ಣಲ್ಲೇ ಇದೆ. ನಿನ್ನ ಮಕ್ಕಳಿಗೆಂದು ಎಂಟು ಚಿಪ್ಪು ಉಳಿಸಿ ತಂದಿದ್ದೇನೆ.

ಮಕ್ಕಳಿಗೆ ನನ್ನ ಆಶೀರ್ವಾದ. ದೊಡ್ಡವಳು ಚೆನ್ನಾಗಿ ಓದಲಿ. ನಿನ್ನ ಸಂಸಾರ ಸದಾ ತಣ್ಣಗಿರಲಿ.

ಇಂತಿ ನಿನ್ನ
ಮಂಗಳಿ

ವಿ.ಸೂ.: ಅಪ್ಪ ಹೇಳಿದ್ದನ್ನು ಈಗ ಬರೆಯುತ್ತೇನೆ.

ಹದಿನೈದು ವರ್ಷದ ಹಿಂದೆ ನಿಮ್ಮಪ್ಪ ನಿಂಗಯ್ಯನವರ ಗದ್ದೆ ಒಣಗಿತಲ್ಲ, ತೆನೆ ಹಾಲು ಕಟ್ಟುವ ಹೊತ್ತಿನಲ್ಲಿ? ನಮ್ಮ ಮಾವ ಕರಿಯಪ್ಪನವರು ಬದು ಒಡೆದು ನೀರು ಕದ್ದರು ಎಂದು ಊರೆಲ್ಲ ಉಗಿಯಿತಲ್ಲ? ಅವರು ಕದ್ದಿರಲಿಲ್ಲ. ಅವತ್ತು ಅಪ್ಪ ಬೀಗರೂಟ ಉಂಡು ಬಂದು ಹೊಂಗೆ ಮರದ ಕೆಳಗೆ ಮಲಗಿಬಿಟ್ಟಿದ್ದರಂತೆ. ಮಧ್ಯಾಹ್ನ ನಿಮ್ಮ ಗದ್ದೆಗೆ ತಿರುಗಿಸಬೇಕಾದ ನೀರು ಸಂಜೆವರೆಗೂ ಕರಿಯಪ್ಪನವರ ಗದ್ದೆಗೇ ಹರಿದು, ನಿಮ್ಮ ಸರದಿಯೇ ಕಳೆದುಹೋಯಿತು. ನಿಮ್ಮಪ್ಪ ಓಡಿಬಂದು ಕೇಳಿದಾಗ, ಕೆಲಸ ಹೋದೀತೆಂಬ ಹೆದರಿಕೆಗೆ, "ಕರಿಯಪ್ಪ ಬದು ಒಡ್ದವ್ನೆ" ಅಂದರಂತೆ. ನೀರುಗಂಟಿಯೇ ಹೇಳಿದ ಮೇಲೆ ಅನುಮಾನ ಪಡುವವರು ಯಾರು?

ಕರಿಯಪ್ಪನವರ ಮಗನ ಜೊತೆ ಗೊತ್ತಾಗಿದ್ದ ನಿನ್ನ ಮದುವೆಯನ್ನು ನಿಮ್ಮಪ್ಪ ಮುರಿದರು. ನಿನ್ನನ್ನು ಮಳವಳ್ಳಿಗೆ ಕೊಟ್ಟರು. ನೀರುಗಳ್ಳರ ಮನೆಗೆ ಯಾರೂ ಹೆಣ್ಣು ಕೊಡದಿದ್ದಾಗ ನಮ್ಮಪ್ಪ ನನ್ನನ್ನು ಕೊಟ್ಟರು. "ಚೌಡಯ್ಯ ದೊಡ್ಡ ಮನುಸ" ಎಂದು ಊರು ಹೊಗಳಿತು.

ತಿಂಗಳಿಡೀ ಅಪ್ಪ ದಿನವೂ ನಿನ್ನ ತವರುಮನೆಯ ಜಗುಲಿವರೆಗೆ ಹೋಗಿ ಹಿಂದಿರುಗುತ್ತಿದ್ದರು. ನಿನ್ನೆ ನಿಮ್ಮಪ್ಪನಿಗೆ ಹೇಳಿಯೇಬಿಟ್ಟರು. ಸಂಜೆ ನಿಮ್ಮಪ್ಪ ಈ ಹದಿನೈದು ವರ್ಷದಲ್ಲಿ ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತರು. ಮಾವ ಚಾಪೆ ಹಾಸಿ, "ಕುಂತ್ಕಳ್ಲಾ ನಿಂಗ, ಎಷ್ಟೊತ್ತು ನಿಂತಿದ್ದೀಯೆ," ಅಂದರು. ಇಬ್ಬರೂ ಅತ್ತರು. ಅವರಿಬ್ಬರದು ಸರಿಹೋಯಿತು ಕಣೆ. ನಮ್ಮವರು ಎಲ್ಲ ಕೇಳಿಸಿಕೊಂಡು ಗದ್ದೆಯ ಕಡೆ ಹೋದವರು ಇನ್ನೂ ನನ್ನ ಮುಖ ನೋಡಿ ಮಾತಾಡಿಲ್ಲ.

ನಿಮ್ಮಪ್ಪನಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಲಿ ಎಂದು ಬರೆದೆ. ಮಾವನವರ ಮನೆಯವರು ನಿನಗೆಂದು ತಂದಿಟ್ಟಿದ್ದ ಧಾರೆ ಸೀರೆಯನ್ನೇ ನನಗೆ ಉಡಿಸಿದರಲ್ಲ, ಅವತ್ತು ನಿಮ್ಮಪ್ಪನ ಕಣ್ಣು ತಪ್ಪಿಸಿ ಬಂದು ನೆರಿಗೆ ಹಿಡಿದವಳು ನೀನು. ಹೂ ಮುಡಿಸಿ, "ನಂಗಿಂತ ನಿಂಗೇ ಒಪ್ತದೆ ಕಣೆ ಮಂಗ್ಳಿ," ಅಂದಿದ್ದೆ. ಈಗ ಆ ಮಾತು ವಾಪಸ್ಸು ತೆಗೆದುಕೊಳ್ಳಬೇಕು ಅನ್ನಿಸಿದರೆ ಒಂದು ಕಾರ್ಡು ಬರೆದು ಹಾಕು. ಬಯ್ದು ಬರೆ. ಬರೆಯದೆ ಮಾತ್ರ ಇರಬೇಡ.