ಮಸಿ ಸುಡುವ ಭಾನುವಾರಗಳು

ಡಿಸೆಂಬರ್ 2, ಮಂಗಳವಾರ. ಬೆಳಿಗ್ಗೆ 6.40

ಕಾರಿನಲ್ಲಿ ಮತ್ತೆ ಅದೇ ಹಳದಿ ದೀಪ. ಪರದೆಯ ಮೇಲೆ ಅದೇ ಸಾಲು — ಎಕ್ಸಾಸ್ಟ್ ಫಿಲ್ಟರ್ ತುಂಬುತ್ತಿದೆ, ಕೈಪಿಡಿ ನೋಡಿ. ಕೈಪಿಡಿ ನೋಡಲು ಯಾರಿಗಿದೆ ಪುರುಸೊತ್ತು? ಎಂಟು ಮನೆ, ಎಂಟು ಡ್ರೆಸ್ಸಿಂಗ್. ಗಾಜಿನ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಹಳೆಯ ಎಕ್ಸ್-ರೇ ಹಾಳೆಯಿಂದ ಕೆರೆದೆ. ಯಾರದೋ ಪಕ್ಕೆಲುಬು. ಅದರೊಳಗಿಂದ ಬೀದಿ ಸ್ವಲ್ಪಸ್ವಲ್ಪವಾಗಿ ಕಾಣಿಸಿತು.

ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಬ್ಯಾಗಿನಿಂದ ಗಾಯಕ್ಕೆ ಹಾಕುವ ಬಿಳಿ ಟೇಪ್ ತೆಗೆದು ಅದರ ಮೇಲೆ ಅಂಟಿಸಿದೆ. ಸಮಾಧಾನವಾಯಿತು. ಇಪ್ಪತ್ತೆರಡು ವರ್ಷ ಸರ್ವಿಸ್ ಆದ ನರ್ಸ್ ಮಾಡುವ ಕೆಲಸ.

ಡಿಸೆಂಬರ್ 4. ಮಧ್ಯಾಹ್ನ

ಟೈಲರಜ್ಜಿಯ ಕಾಲಿನ ಹುಣ್ಣು ವಾಸಿಯಾಗುತ್ತಿದೆ. ಬಾಯಿ ಮಾತ್ರ ಇನ್ನೂ ಕತ್ತರಿ.

"ನಿನ್ನ ಗಾಡಿ ಕೆಮ್ಮುತ್ತೆ ಕಣೆ. ನನಗೆ ಬಿಟ್ಟು ಅದಕ್ಕೆ ಔಷಧಿ ಹಾಕು."

ನಕ್ಕುಬಿಟ್ಟೆ. ನಗಬಾರದಿತ್ತು. ಹಿಂತಿರುಗುವಾಗ ಏರಿನಲ್ಲಿ ಕಾರಿಗೆ ಕಾಲೇ ಬರಲಿಲ್ಲ. ಎಷ್ಟು ಒತ್ತಿದರೂ ಆಮೆಯ ನಡಿಗೆ. ಪರದೆ — ಇಂಜಿನ್ ಶಕ್ತಿ ಕಡಿಮೆ ಮಾಡಲಾಗಿದೆ. ಹಾಗೇ ತೆವಳಿಸಿಕೊಂಡು ಗ್ಯಾರೇಜಿಗೆ ಬಿಟ್ಟೆ. ಉಳಿದ ನಾಲ್ಕು ಮನೆ ನಡೆದೇ.

ಡಿಸೆಂಬರ್ 5. ಸಂಜೆ

ಮೆಕ್ಯಾನಿಕ್ ಟೇಪನ್ನು ಉಗುರಿನಿಂದ ಎಬ್ಬಿಸಿದ. ನನ್ನ ಮುಖ ನೋಡಿದ.

"ಸಿಸ್ಟರ್, ಪೇಷಂಟಿಗೆ ಜ್ವರ ಬಂದ್ರೆ ಥರ್ಮಾಮೀಟರಿಗೂ ಹೀಗೇ ಟೇಪ್ ಹಾಕ್ತೀರಾ?"

ತಲೆ ತಗ್ಗಿಸಿದೆ. ಲ್ಯಾಪ್‌ಟಾಪ್ ಚುಚ್ಚಿ ಅದೇನೋ ಮಾಡಿ ಫಿಲ್ಟರ್ ಸುಡಿಸಿದ. ಆಮೇಲೆ ಪಾಠ.

"ಮಸಿ ಹೊರಗೆ ಹೋಗ್ದೇ ಇರೋ ಹಾಗೆ ಒಂದು ಜರಡಿ ಇದೆ ಸಿಸ್ಟರ್. ಅದು ತುಂಬಿದಾಗ ಗಾಡಿನೇ ಒಳಗೊಳಗೇ ಸುಟ್ಕೊಳ್ಳುತ್ತೆ. ಆದ್ರೆ ಅದಕ್ಕೆ ಚೆನ್ನಾಗಿ ಕಾಯ್ಬೇಕು. ನೀವು ಈ ಚಳೀಲಿ ನಾಲ್ಕು ನಿಮಿಷ ಓಡಿಸಿ ಆಫ್, ಮತ್ತೆ ನಾಲ್ಕು ನಿಮಿಷ, ಆಫ್. ಒಲೆ ಹಚ್ಚಿದ ತಕ್ಷಣ ಆರಿಸಿದ್ರೆ ನೀರು ಕುದಿಯುತ್ತಾ?"

ವಾರಕ್ಕೊಮ್ಮೆ ಹೆದ್ದಾರಿಗೆ ಹೋಗಬೇಕಂತೆ. ಮುಕ್ಕಾಲು ಗಂಟೆ, ಎಪ್ಪತ್ತರ ಸ್ಪೀಡು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್. ಸುಡುವಾಗ ಕಮಟು ವಾಸನೆ ಬರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ಆಗ ಆಫ್ ಮಾಡಬಾರದು. ಒಣಹುಲ್ಲಿನ ಮೇಲಂತೂ ನಿಲ್ಲಿಸಲೇಬಾರದು, ಕೆಳಗಿನ ಪೈಪು ಕೆಂಡ.

"ಎಲ್ಲಾದ್ರೂ ದೂರ ಹೋಗ್ಬನ್ನಿ. ಯಾರೂ ಇಲ್ವಾ ನಿಮ್ಗೆ ಆ ಕಡೆ?"

ಇಲ್ಲ ಎಂದೆ. ಸರಿಯಾಗಿ ಮುಕ್ಕಾಲು ಗಂಟೆಯ ದೂರದಲ್ಲಿ ಇರುವುದು ಅಣ್ಣನೊಬ್ಬನೇ.

ಡಿಸೆಂಬರ್ 7, ಭಾನುವಾರ

ಮಂಜು. ಹೆದ್ದಾರಿಯೇ ಇಲ್ಲ. ಕಾರು ಮುಂದೆ ಹೋದಷ್ಟೇ ರಸ್ತೆ ಹುಟ್ಟುತ್ತಿತ್ತು, ಹಿಂದೆ ಅಳಿಸಿಹೋಗುತ್ತಿತ್ತು. ಎದುರಿನ ಗಾಡಿಗಳು ಮೊದಲು ಬೆಳಕಾಗಿ ಬಂದು, ಆಮೇಲೆ ಶಬ್ದವಾಗಿ, ಏನೂ ಆಗಿಲ್ಲವೆಂಬಂತೆ ಕರಗಿದವು. ಹೀಟರಿನ ಬಿಸಿ ಮೊಣಕಾಲಿಗೆ ಬಂತು. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದಾಳೆ ಅನಿಸಿತು. ಕನ್ನಡಿ ನೋಡಲಿಲ್ಲ. ನೋಡಿದರೆ ಎದ್ದುಹೋಗುತ್ತಾಳೆ.

ಕಮಟು ವಾಸನೆ ಬಂತು. ಸುಡುತ್ತಿದೆ... ಸುಡಲಿ.

ಅಣ್ಣನ ಸಸಿಗಳ ಅಂಗಡಿ ರಸ್ತೆಗೇ ಇದೆ. ಬೆನ್ನು ಹಾಕಿ ನಿಂತು ಸಸಿಗಳ ಮೇಲೆ ಗೋಣಿತಾಟು ಹೊದಿಸುತ್ತಿದ್ದ. ಬೆನ್ನು ಸ್ವಲ್ಪ ಬಾಗಿದೆ. ಯಾವಾಗ ಬಾಗಿತು? ಮುಂದೆ ಹೋಗಿ ತಿರುಗಿಸಿಕೊಂಡು ಬಂದೆ. ನಿಲ್ಲಿಸಲಿಲ್ಲ.

ಡಿಸೆಂಬರ್ 10

ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

ಮೂರು ವರ್ಷದ ಹಿಂದೆ ಅಣ್ಣ ಫೋನ್ ಮಾಡಿದ. ಅಮ್ಮನಿಗೆ ಎದೆ ಉರಿ, ಬೆವರು, ಏನು ಮಾಡಲಿ? ಡ್ಯೂಟಿ ಮುಗಿಸಿ ಸುಸ್ತಾಗಿದ್ದೆ. ಗ್ಯಾಸ್ ಇರುತ್ತೆ, ಬಿಸಿನೀರು ಕೊಡು, ಬೆಳಿಗ್ಗೆ ನೋಡೋಣ ಎಂದೆ. ಬೆಳಿಗ್ಗೆ ನೋಡಲು ಅಮ್ಮ ಇರಲಿಲ್ಲ. ಬೆವರು ಎಂದಾಗಲೇ ಗೊತ್ತಾಗಬೇಕಿತ್ತು. ಬೇರೆ ಯಾರದೋ ಅಮ್ಮನಾಗಿದ್ದರೆ ಆಸ್ಪತ್ರೆಗೆ ಓಡಿ ಎನ್ನುತ್ತಿದ್ದೆ.

ಅಣ್ಣ ಕೂಗಾಡಲಿಲ್ಲ. "ನೀನು ನರ್ಸು ಅಂತ ನಿನ್ನ ಮಾತು ಕೇಳ್ದೆ" ಅಂದ. ಅಷ್ಟೇ. ಆಮೇಲೆ ಅವನು ಕರೆಯಲಿಲ್ಲ, ನಾನು ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ದೀಪಕ್ಕೆ ಟೇಪ್ ಹಾಕುವುದು ನನಗೆ ಹೊಸದೇನಲ್ಲ.

ಡಿಸೆಂಬರ್ 14, ಭಾನುವಾರ

ಇವತ್ತೂ ಮಂಜು, ಆದರೆ ತೆಳ್ಳಗೆ. ಅಣ್ಣ ಗೇಟಿನ ಹತ್ತಿರ ನೀರಿನ ಕ್ಯಾನ್ ಹಿಡಿದು ನಿಂತಿದ್ದ. ಈ ಕಾರು ಅವನಿಗೆ ಗೊತ್ತಿಲ್ಲ, ಅಮ್ಮ ಹೋದ ಮೇಲೆ ತೆಗೆದುಕೊಂಡದ್ದು. ಆದರೂ ತಲೆ ತಿರುಗಿಸಿ ನೋಡಿದ. ನೋಡುತ್ತಲೇ ಇದ್ದ. ಕ್ಯಾನಿನ ನೀರು ಅವನ ಚಪ್ಪಲಿಯ ಮೇಲೆ ಸುರಿಯುತ್ತಿತ್ತು.

ಮನೆಗೆ ಬಂದು ಮಲಗಿದರೂ ರಸ್ತೆ ಕೆಳಗೆ ಓಡುತ್ತಲೇ ಇತ್ತು.

ಡಿಸೆಂಬರ್ 21, ಭಾನುವಾರ

ರಸ್ತೆಯ ಬದಿಯಲ್ಲೇ ನಿಂತಿದ್ದ. ಬಸ್ಸಿಗೆ ಕೈ ತೋರಿಸುವಂತೆ ಕೈ ಅಡ್ಡ ಹಿಡಿದ. ನಿಲ್ಲಿಸಿದೆ. ಇಂಜಿನ್ ಆಫ್ ಮಾಡಲಿಲ್ಲ. ಗಾಜು ಅರ್ಧ ಇಳಿಸಿದೆ.

"ದಡಬಡಿ."

ಚಿಕ್ಕಂದಿನಲ್ಲಿ ಅವನೇ ಇಟ್ಟ ಹೆಸರು.

"ಮೂರು ಭಾನುವಾರದಿಂದ ನೋಡ್ತಿದ್ದೀನಿ. ಗಿಡ ಬೇಕಿತ್ತಾ?"

"ಇಲ್ಲ. ಗಾಡಿದು... ಫಿಲ್ಟರ್ ಸುಡ್ತಿದೆ. ಆಫ್ ಮಾಡ್ಬಾರ್ದಂತೆ."

"ಆಫ್ ಮಾಡ್ಬೇಡ. ಒಳಗೆ ತಂದು ನಿಲ್ಸು."

"ನಿನ್ನ ಅಂಗಳದ ತುಂಬ ಒಣಹುಲ್ಲು. ಪೈಪು ಕೆಂಡ ಆಗಿರುತ್ತೆ, ಬೆಂಕಿ ಹತ್ತುತ್ತೆ."

ಅವನು ಹುಲ್ಲು ನೋಡಿದ. ಕಾರಿನ ಹೊಟ್ಟೆ ಬಗ್ಗಿ ನೋಡಿದ. "ಹೌದಾ" ಅಂದ. ಗೇರ್ ಹಾಕಿ ಹೊರಟುಬಿಟ್ಟೆ.

ಸುಳ್ಳು. ಸುಟ್ಟು ಮುಗಿದು ಹತ್ತು ನಿಮಿಷವಾಗಿತ್ತು. ಫ್ಯಾನ್ ಕೂಡ ನಿಂತಿತ್ತು. ಬೆನ್ನು ಹಾಕಿ ನಿಂತವನು ಮೊದಲ ಭಾನುವಾರವೇ ನನ್ನನ್ನು ಹೇಗೆ ನೋಡಿದ?

ಡಿಸೆಂಬರ್ 28, ಭಾನುವಾರ

ಹೋಗಲಿಲ್ಲ.

ಜನವರಿ 3

ಹಳದಿ ದೀಪ ಬಂತು. ಟೇಪ್ ಬ್ಯಾಗಿನಲ್ಲೇ ಇತ್ತು. ಮುಟ್ಟಲಿಲ್ಲ.

ಟೈಲರಜ್ಜಿ ಕೊನೆಯ ಡ್ರೆಸ್ಸಿಂಗ್ ಬಿಚ್ಚಿಸಿಕೊಳ್ಳುತ್ತಾ, "ಮುಖ ಯಾಕೆ ಹೀಗಿದೆ?" ಎಂದಳು. ಏನೂ ಇಲ್ಲ ಎಂದರೆ ಬಿಡುವವಳಲ್ಲ. ಹೇಳಿದೆ. ಅಮ್ಮ, ಫೋನು, ಹುಲ್ಲು, ಎಲ್ಲ. ಅವಳು ಸಮಾಧಾನ ಮಾಡಲಿಲ್ಲ.

"ತಪ್ಪು ಹೊಲಿಗೆ ಹಾಕಿದೋಳು ನೀನು. ಬಿಚ್ಬೇಕಾದೋಳೂ ನೀನೇ. ಮೇಲೆ ಇಸ್ತ್ರಿ ಹಾಕಿದ್ರೆ ಸರಿಹೋಗುತ್ತಾ?"

ಹೆದರಿಕೆ ಆಗುತ್ತಿದೆ. ಅವನು ಕ್ಷಮಿಸದಿದ್ದರೆ ಎಂದಲ್ಲ. "ನೀನು ನರ್ಸು ಅಂತ" ಎಂಬ ಆ ಮಾತನ್ನು ಅವನು ಮತ್ತೊಮ್ಮೆ ಹೇಳಿದರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಜನವರಿ 4, ಭಾನುವಾರ. ಬೆಳಿಗ್ಗೆ 10.15. ಅಣ್ಣನ ಅಡುಗೆಮನೆ

ಬರೆಯದಿದ್ದರೆ ಕನಸು ಎಂದುಕೊಂಡೇನು.

ಇಡೀ ದಾರಿ ಹಾಲಿನೊಳಗೆ ಓಡಿಸಿದಂತಿತ್ತು. ಅಂಗಡಿ ಬಂದದ್ದು ತಿಳಿದದ್ದೇ ವಾಸನೆಯಿಂದ — ಒದ್ದೆ ಮಣ್ಣು, ಗೊಬ್ಬರ. ನಿಧಾನ ಮಾಡಿದೆ. ಗೇಟು ಪೂರ್ತಿ ತೆರೆದಿತ್ತು. ಅಂಗಳದಲ್ಲಿ ಹುಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಎಲ್ಲ ಗುಡಿಸಿ ಬೇಲಿಗೆ ಒಟ್ಟಿದ್ದಾನೆ. ನಡುವೆ ಚಪ್ಪಡಿ ಕಲ್ಲು ಹಾಸಿದ್ದಾನೆ, ಒಂದು ಕಾರಿನಷ್ಟು ಉದ್ದ, ಒಂದು ಕಾರಿನಷ್ಟು ಅಗಲ. ನಾಲ್ಕು ಮೂಲೆಗೂ ಸುಣ್ಣದ ಗುರುತು. ಸುತ್ತ ನೀರು ಚಿಮುಕಿಸಿದ್ದಾನೆ. ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಾನೆ.

"ಇದ್ಯಾಕೆ ಬಕೆಟ್ಟು?"

"ಬೆಂಕಿ ಹತ್ತಿದ್ರೆ? ನಿನ್ನನ್ನ ನಂಬಕ್ಕಾಗುತ್ತಾ?"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಇವತ್ತು ನಿಜವಾಗಿಯೂ ಸುಡುತ್ತಿತ್ತು. ವಾಸನೆ, ಫ್ಯಾನಿನ ಸದ್ದು. ಪರದೆ — ಶುದ್ಧೀಕರಣ ಮುಗಿದಿಲ್ಲ, ಚಾಲನೆ ಮುಂದುವರಿಸಿ. ಕಲ್ಲಿನ ಮೇಲೆ ನಿಲ್ಲಿಸಿ ಕೀ ತಿರುಗಿಸಿ ಆಫ್ ಮಾಡಿದೆ. ಮೆಕ್ಯಾನಿಕ್ ಬೈದರೆ ಬೈಯಲಿ.

ಇಳಿದೆ. ಮೂರು ವರ್ಷ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬರಲಿಲ್ಲ. "ಅಣ್ಣಾ, ಅವತ್ತು ನಾನು ಹೇಳಿದ್ದು ತಪ್ಪು. ಬೆವರು ಅಂದಾಗ್ಲೇ ನಂಗೆ ಗೊತ್ತಾಗ್ಬೇಕಿತ್ತು" ಎಂದೆ. ಅಳುತ್ತಿದ್ದೆ ಅನಿಸುತ್ತದೆ.

ಅವನು ಬಕೆಟ್ ಕೆಳಗಿಟ್ಟ.

"ಆಂಬುಲೆನ್ಸಿಗೆ ಫೋನ್ ಮಾಡ್ಬಹುದಿತ್ತು. ನಾನು ನಿಂಗೆ ಮಾಡ್ದೆ. ತಪ್ಪೆಲ್ಲ ನಿನ್ಮೇಲೆ ಹಾಕಿದ್ರೆ ನಂಗೆ ನಿದ್ದೆ ಬರುತ್ತೆ ಅಂದ್ಕೊಂಡೆ. ಬರ್ಲಿಲ್ಲ ಕಣೆ."

ತಲೆಯ ಮೇಲೆ ಕೈ ಇಟ್ಟ. ಮಣ್ಣಿನ ಕೈ. ಕಾರಿನ ಫ್ಯಾನ್ ಇನ್ನೂ ತಿರುಗುತ್ತಿತ್ತು.

ಆಮೇಲೆ ಕೇಳಿದ, ಅರ್ಧಕ್ಕೇ ಆಫ್ ಮಾಡಿದೆಯಲ್ಲ, ಈಗ? ಮತ್ತೆ ಓಡಿಸಿ ಮುಗಿಸಬೇಕು ಎಂದೆ. ಎಷ್ಟು ಹೊತ್ತು? ಮುಕ್ಕಾಲು ಗಂಟೆ ಎಂದೆ. "ನಡಿ, ನಾನೂ ಬರ್ತೀನಿ" ಎಂದು ಒಳಗೆ ಹೋಗಿ ಅಮ್ಮನ ಶಾಲು ತಂದ. ಹೊದ್ದುಕೊಂಡು ಹೋಗಿ ಆಗಲೇ ಕಾರಿನಲ್ಲಿ ಕೂತಿದ್ದಾನೆ. ನೀರು ಕುಡಿದು ಬರುತ್ತೇನೆ ಎಂದು ಸುಳ್ಳು ಹೇಳಿ ಅಡುಗೆಮನೆಗೆ ಬಂದು ಇದನ್ನು ಗೀಚುತ್ತಿದ್ದೇನೆ.

ಹಾರ್ನ್ ಹೊಡೆಯುತ್ತಿದ್ದಾನೆ. "ದಡಬಡಿ, ತಣ್ಣಗಾಗುತ್ತೆ, ಬಾರೇ" ಎಂದು ಇಡೀ ರಸ್ತೆಗೆ ಕೇಳುವಂತೆ...

ಬಂದೆ ಅಣ್ಣಾ, ಬಂ